ಪಗ್ಸ್ಲಿಯ ಪೀಪಾಯಿ ಮೌನವ್ರತ ಹಿಡಿದದ್ದು

"ಮಿಸ್ ಟೋಜರ್, ಕೊಲೆ ಆಗಿದೆ!" ಎಂದು ಕೂಗುತ್ತ ಆಂಬ್ರೋಸ್ ಪಗ್ಸ್ಲಿ ಅಡುಗೆಮನೆಗೆ ನುಗ್ಗಿದ ಆರ್ಭಟಕ್ಕೆ ಇಂಗ್ಲೆಂಡಿನ ಡೆವನ್ ಸೀಮೆಯ ಕೋಳಿಗಳೆಲ್ಲ ಮೊಟ್ಟೆಯಿಡುವುದನ್ನೇ ಮರೆತವು.

ಲವ್‌ಡೇ ಟೋಜರ್ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. "ಸತ್ತೋರು ಯಾರು?"

"ನನ್ನ ಪೀಪಾಯಿ!"

ಅವನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಈ ಹೆಂಗಸು ಸಾಮಾನ್ಯಳಲ್ಲ. ಸೂಲಗಿತ್ತಿಯಾಗಿ ಕಣಿವೆಯ ಅರ್ಧ ಜನರನ್ನು ಭೂಮಿಗಿಳಿಸಿದವಳು. ಕೆಲಸ ಬಿಟ್ಟ ಮೇಲೆ ಉಳಿದರ್ಧ ಜನರ ಗುಟ್ಟುಗಳನ್ನು ಹೊರಗೆಳೆದವಳು. ಕಳುವಾದ ಟಗರಿನಿಂದ ಹಿಡಿದು ಖೋಟಾ ಉಯಿಲಿನವರೆಗೆ ಅವಳ ಮೂಗಿಗೆ ಸಿಗದ ಅಪರಾಧ ಇನ್ನೂ ಹುಟ್ಟಿರಲಿಲ್ಲ. ಆ ಎಲ್ಲ ಪತ್ತೆಗಳಲ್ಲೂ ಲಾಟೀನು ಹಿಡಿದು ಅವಳ ಹಿಂದೆ ನಡೆದವನು ಆಂಬ್ರೋಸ್. ಪಬ್ಬಿನಲ್ಲಿ ಅವನು ಹೇಳುವ ಪ್ರಕಾರ ಮುಕ್ಕಾಲು ಕೆಲಸ ಲಾಟೀನಿನದೇ.

"ಸರಿಯಾಗಿ ಹೇಳಪ್ಪ," ಎಂದಳು ಟೋಜರ್.

"ಹೋದ ವಾರ ನನ್ನ ಸೈಡರ್, ಆ ಸೇಬಿನ ಹೆಂಡ, ಹುದುಗಿ ಕುದೀತಿದ್ದ ಸದ್ದಿಗೆ ಚರ್ಚಿನ ಗಂಟೆ ಕೇಳಿಸ್ತಿರ್ಲಿಲ್ಲ. ಭಾನುವಾರ ಸಂಜೆ ನಮ್ಮ ಥರ್ಜಾ ಕಣ್ಣಾರೆ ನೋಡಿದಾಳೆ. ಪಕ್ಕದ ಮನೆ ಜೇಬಸ್ ಹೂಜಿ ಹಿಡ್ಕೊಂಡು ನಮ್ಮ ಕೊಟ್ಟಿಗೆಗೆ ಹೋಗಿ, ಬರಿಗೈಲಿ ಬಂದ. ಈಗ ಪೀಪಾಯಿಗೆ ಉಸಿರೇ ಇಲ್ಲ. ವಿಷ ಹಾಕಿದಾನೆ! ನಿನ್ನೆ ಪಬ್ಬಲ್ಲಿ ಎಲ್ಲರೆದುರಿಗೇ ಅವನ ಮುಖಕ್ಕೆ ಹೇಳ್ದೆ."

ಹೇಳುವಾಗ ಅವನ ಕಿವಿ ಯಾಕೋ ಕೆಂಪಾಯಿತು. ಒಲೆಯ ಕಡೆ ತಿರುಗಿ ನಿಂತ.

"ಜೇಬಸ್ ಏನಂದ?"

ಉತ್ತರ ಹೇಳಿದವಳು ಅವನ ಹಿಂದೆಯೇ ಒಳಬಂದಿದ್ದ ಹೆಂಡತಿ ಥರ್ಜಾ. "ಏನೂ ಅನ್ಲಿಲ್ಲ ಕಣ್ರೀ. ಪಕ್ಕದಲ್ಲಿ ಕೂತಿದ್ದೋರೆಲ್ಲ ಎದ್ದು ಬೇರೆ ಬೆಂಚಿಗೆ ಹೋದ್ರು. ಅವನು ಲೋಟ ಕೆಳಗಿಟ್ಟು ಹೊರಟುಹೋದ. ಶನಿವಾರಕ್ಕೆ ಗಾಡಿ ಹೇಳಿದಾನಂತೆ. ಮನೆ ಬೀಗ ಹಾಕಿ ಎಕ್ಸಿಟರಿನಲ್ಲಿರೋ ತಂಗಿ ಮನೆ ಸೇರ್ತಾನಂತೆ."

ಅದು ಸಣ್ಣ ಆರೋಪವಲ್ಲ. ಆ ಕಣಿವೆಯಲ್ಲಿ ಕುಡಿದ ಅಮಲಿನಲ್ಲಿ ಪಕ್ಕದವನ ಹಾಸಿಗೆಯಲ್ಲಿ ಮಲಗಿದರೂ ಕ್ಷಮೆಯುಂಟು. ಇನ್ನೊಬ್ಬನ ಪೀಪಾಯಿಯ ಬಿರಡೆ ಮುಟ್ಟಿದವನಿಗೆ ನರಕದಲ್ಲೂ ಜಾಗವಿಲ್ಲ. ಜೇಬಸ್ ಮತ್ತು ಆಂಬ್ರೋಸ್ ತಂದೆಯರ ಕಾಲದಿಂದಲೂ ಒಂದೇ ಗಾಣದಲ್ಲಿ ಸೇಬು ಹಿಂಡಿ ರಸ ಹಂಚಿಕೊಂಡವರು. ಆ ಬೆಳಿಗ್ಗೆ ಆಂಬ್ರೋಸನಿಗೆ ತಿಂಡಿಯೂ ಸೇರಲಿಲ್ಲ. ಏಳು ಮೊಟ್ಟೆ ತಿನ್ನುವವನು ಬರೀ ಮೂರು ತಿಂದ.

ಕೊಟ್ಟಿಗೆಯಲ್ಲಿ ಪೀಪಾಯಿ ಬಿಷಪ್ಪನಂತೆ ಹೊಟ್ಟೆ ಮುಂದೆಮಾಡಿ ಕೂತಿತ್ತು. ಟೋಜರ್ ಬಸುರಿಯ ಹೊಟ್ಟೆಗೆ ಕಿವಿಗೊಟ್ಟಂತೆ ಅದಕ್ಕೆ ಕಿವಿಗೊಟ್ಟಳು. ಬಿರಡೆಯ ಸುತ್ತ ಬೆರಳಾಡಿಸಿ, ಹಲಗೆಗಳ ಮೇಲೆ ಅಂಗೈ ಸವರಿ ನೋಡಿದಳು. ಅಂಗೈಗೆ ಒಣ ಧೂಳು ಮೆತ್ತಿತು.

"ಒಂದು ಕಲೆಯೂ ಇಲ್ಲ, ಶುದ್ಧವಾಗಿದೆ," ಎಂದಳು.

"ಶುದ್ಧಾನಾ? ದೇವದೂತರು ಒಳಗೆ ಮಲಗಬಹುದು!" ಆಂಬ್ರೋಸನ ಎದೆ ಉಬ್ಬಿತು. "ಹೋದ ವರ್ಷ ಯಾವನೋ ನನ್ನ ಸೈಡರು ವಿನೆಗರ್ ನಾರುತ್ತೆ ಅಂದಿದ್ದ. ಅದಕ್ಕೇ ಈ ಸಲ ಬಿಡ್ಲಿಲ್ಲ. ಬೇರೆಯೋರು ಹುಳಿ ಹಿಡೀಬಾರ್ದು ಅಂತ ಪೀಪಾಯಿ ಒಳಗೆ ಒಂದು ಗಂಧಕದ ಬತ್ತಿ ಉರಿಸ್ತಾರೆ, ನಾನು ಪೊಟ್ಟಣಾನೇ ಉರಿಸಿದೆ! ಹೊಗೆ ಒಂದೆಳೆ ಆಚೆ ಹೋಗದ ಹಾಗೆ ಬಿರಡೆ ಜಡಿದು, ಆಮೇಲೆ ಅದರ ಮೇಲೇ ರಸ ತುಂಬಿಸ್ದೆ."

ಟೋಜರ್ ಒಂದು ಗುಟುಕು ರಸ ಹೀರಿದಳು. ಮರುಕ್ಷಣ ಸೀನಿದಳು. ಆ ಸೀನಿಗೆ ಕೊಟ್ಟಿಗೆಯ ಹೆಂಚು ಹಾರಲಿಲ್ಲವೆಂದರೆ ಅದು ಕಟ್ಟಿದವನ ಪುಣ್ಯ. "ಸಿಹಿ ಹಾಗೇ ಇದೆ," ಎಂದವಳು ಮೂಗೊರೆಸಿಕೊಂಡು, ಪೀಪಾಯಿಯ ಹಿಂದೆ ಬಗ್ಗಿ ಕಂದುಬಣ್ಣದ ಮಣ್ಣಿನ ಹೂಜಿಯೊಂದನ್ನು ಎತ್ತಿಕೊಂಡಳು. ತಳದಲ್ಲಿ ಒಂದಿಷ್ಟು ಬಗ್ಗಡ ಗಸಿ ಉಳಿದಿತ್ತು.

"ವಿಷ!" ಎಂದ ಆಂಬ್ರೋಸ್.

"ನೋಡೋಣ."

ಬೇಲಿಯಾಚೆ ಜೇಬಸನ ಕೊಟ್ಟಿಗೆಯೊಳಗೆ ಬೇರೆಯೇ ಲೋಕ. ಅವನ ಪೀಪಾಯಿ ಸಂತೆಯ ಹೆಂಗಸರಂತೆ ಗುಳುಗುಳು ಮಾತಾಡುತ್ತಿತ್ತು. ಬಿರಡೆಯ ತೂತಿನಿಂದ ಉಕ್ಕಿದ ನೊರೆ ಹಲಗೆಗಳ ಮೇಲೆ ಕಂದು ಜಡೆಗಳಾಗಿ ಇಳಿದು ಅಂಟಂಟಾಗಿತ್ತು. ಸುತ್ತ ಗುಂಗುರುಗಳ ಜಾತ್ರೆ. ಜೇಬಸ್ ಪಾತ್ರೆಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದ.

"ಈ ಹೂಜಿ ನಿಂದೇನಪ್ಪಾ?"

"ನಂದೇ."

"ಒಳಗೇನಿತ್ತು?"

ಜೇಬಸ್ ಆಂಬ್ರೋಸನನ್ನು ಒಮ್ಮೆ ನೋಡಿ ಕಣ್ಣಿಳಿಸಿದ. "ಹೇಳಲ್ಲ, ಮಿಸ್ ಟೋಜರ್. ನಾನು ಹುಟ್ಟುವಾಗ ನೀವೇ ನನ್ನನ್ನ ಹಿಡಿದಿದ್ದು. ಆದ್ರೂ ಹೇಳಲ್ಲ."

"ನೋಡಿದ್ರಾ, ಬಾಯಿ ಬಿಡ್ತಿಲ್ಲ!" ಎಂದ ಆಂಬ್ರೋಸ್. ಆದರೆ ದನಿ ಏರಲಿಲ್ಲ. ಅವನಿಗೆ ಕಾಲ ಕೆಳಗಿನ ಹುಲ್ಲು ನೋಡುವುದೇ ವಾಸಿಯೆನಿಸಿತು.

ಮನೆಗೆ ಬಂದು ಟೋಜರ್ ಹೂಜಿಯ ಗಸಿಗೆ ಒಂದಿಷ್ಟು ಬೆಚ್ಚಗಿನ ಸೇಬಿನ ರಸ ಹುಯ್ದು ಒಲೆಕಟ್ಟೆಯ ಮೇಲಿಟ್ಟಳು. "ಯಾರೂ ಮುಟ್ಟಬೇಡಿ," ಎಂದಳು.

ಶುಕ್ರವಾರ ಮಧ್ಯಾಹ್ನ ಊರಿನ ಪಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜೇಬಸನನ್ನು ಥರ್ಜಾ ತೋಳು ಹಿಡಿದು ಎಳೆದು ತಂದಿದ್ದಳು. ಅವನು ಬಾಗಿಲ ಬಳಿ ಒಂಟಿಯಾಗಿ ನಿಂತಿದ್ದ. ಟೋಜರ್ ಮುಚ್ಚಿದ ಹೂಜಿಯನ್ನು ಮೇಜಿನ ಮೇಲಿಟ್ಟಳು.

"ಸೇಬು ಒಂದೇ, ಗಾಣ ಒಂದೇ, ಚಳಿ ಒಂದೇ. ಒಂದು ಪೀಪಾಯಿ ಕುದೀತು, ಇನ್ನೊಂದು ಕುದೀಲಿಲ್ಲ. ಹಾಗಾದ್ರೆ ದೋಷ ಪೀಪಾಯಿ ಒಳಗಿದೆ. ಅದು ಜೇಬಸನ ಹೂಜಿಯಿಂದ ಬಂತಾ, ಮೊದಲೇ ಇತ್ತಾ? ಅದು ಗೊತ್ತಾಗಬೇಕಾದ್ರೆ ಒಂದು ಪ್ರಶ್ನೆ ಸಾಕು. ಹೂಜಿ ಬರೋ ಮುಂಚೆ ಸೈಡರ್ ಕುದೀತಿತ್ತಾ?"

"ಕುದೀತಿತ್ತು ಅಂತ ಆಂಬ್ರೋಸ್ ಹೇಳಿದ್ನಲ್ಲ!" ಎಂದರು ನಾಲ್ಕಾರು ಜನ.

"ಕುದಿಯೋ ಪೀಪಾಯಿ ನೊರೆ ಕಕ್ಕುತ್ತೆ. ಜೇಬಸನದು ಮೈಯೆಲ್ಲ ಅಂಟು. ಆಂಬ್ರೋಸನದು ಧೂಳು ಹಿಡಿದು ಒಣಗಿದೆ, ಒಂದು ಗುಂಗುರೂ ಇಲ್ಲ. ಕುದ್ದಿದ್ರೆ ಕರಗಬೇಕಿದ್ದ ಸಿಹಿಯೂ ಹಾಗೇ ಇದೆ. ಅದು ಯಾವತ್ತೂ ಕುದ್ದೇ ಇಲ್ಲ."

ಎಲ್ಲರ ತಲೆಗಳೂ ಆಂಬ್ರೋಸನ ಕಡೆ ತಿರುಗಿದವು. ಅವನ ಮುಖದ ಬಿಸಿಗೆ ಒಂದು ಬಾತುಕೋಳಿ ಬೇಯಿಸಬಹುದಿತ್ತು. ಮೇಜಿನ ಕೆಳಗೆ ಇಲಿಬಿಲವೊಂದಿದ್ದರೆ ಅದರೊಳಗೆ ನುಸುಳಲು ಅವನು ಸಿದ್ಧನಿದ್ದ.

"ಇನ್ನು ಕೊಂದಿದ್ಯಾರು?" ಟೋಜರ್ ದನಿ ತಗ್ಗಿಸಿದಳು. "ಆ ರಸ ಕುಡಿದ್ರೆ ಬೆಂಕಿಕಡ್ಡಿ ಗೀರಿದ ಹಾಗೆ ಮೂಗಿಗೆ ಚುಚ್ಚುತ್ತೆ. ಗಂಧಕ. ಒಂದು ಬತ್ತಿ ಕೆಟ್ಟ ಹುಳಿಯನ್ನ ಮಾತ್ರ ಕೊಲ್ಲುತ್ತೆ. ಒಂದು ಪೊಟ್ಟಣ ಉರಿಸಿ, ಗಾಳಿಯಾಡೋಕೆ ಬಿಡದೆ, ಹೊಗೆ ಮೇಲೇ ರಸ ತುಂಬಿದ್ರೆ? ಸೇಬಿನ ಜೊತೆ ಬಂದ, ರಸ ಕುದಿಸೋ ಒಳ್ಳೆ ಹುದುಗೂ ಸಾಯುತ್ತೆ. ಹೀಗೆ ಮಾಡ್ದೆ ಅಂತ ಆಂಬ್ರೋಸೇ ನನ್ನ ಹತ್ರ ಜಂಬ ಕೊಚ್ಚಿದ."

"ಮತ್ತೆ ಹೂಜಿ?" ಎಂದಳು ಥರ್ಜಾ.

ಟೋಜರ್ ಮುಚ್ಚಳ ತೆಗೆದಳು. ನೊರೆ ಉಕ್ಕಿ ಮೇಜಿನ ಮೇಲೆಲ್ಲ ಹರಿಯಿತು. "ವಿಷ ಹೀಗೆ ಉಬ್ಬಲ್ಲ. ಇದು ಜೇಬಸನ ಪೀಪಾಯಿಯ ಜೀವಂತ ಹುದುಗು. ಬೇಲಿಯಾಚೆ ಸದ್ದಿಲ್ಲ ಅಂತ ಅವನಿಗೆ ಗೊತ್ತಾಗಿತ್ತು. ತನ್ನ ಪಾಲಿಂದ ಒಂದು ಹೂಜಿ ತೆಗೆದು ಗೆಳೆಯನದನ್ನ ಬದುಕಿಸೋಕೆ ಹೋದ."

"ಹಾಗಾದ್ರೆ ಅವತ್ತೇ ಹೇಳಬಾರದಿತ್ತೇನೋ, ಜೇಬಸ್?" ಎಂದು ಯಾರೋ ಕೂಗಿದರು.

ಜೇಬಸ್ ಟೋಪಿ ತಿರುವುತ್ತ ನಿಂತ. "ಏನಂತ ಹೇಳ್ಲಿ? ಪೀಪಾಯಿ ಗುಡುಗ್ತಿದೆ ಅಂತ ಅವನು ಊರಿಗೆಲ್ಲ ಹೇಳ್ಕೊಂಡಿದ್ದ. ಅದು ಸುಳ್ಳು ಅಂತ ನಿಮ್ಮೆಲ್ಲರ ಮುಂದೆ ನಾನ್ಹೇಗೆ ಹೇಳೋದು?"

ಕಣಿವೆಯಲ್ಲೇ ಅತಿ ದೊಡ್ಡ ಬಾಯಿಯ ಆಂಬ್ರೋಸ್ ಪಗ್ಸ್ಲಿ ಲೋಟ ಕೆಳಗಿಟ್ಟು ಜೇಬಸನತ್ತ ನೋಡಿದ. ತನ್ನ ಮಾನ ಕಾಯಲೆಂದು ಇವನು ಊರನ್ನೇ ಬಿಡಲು ಹೊರಟಿದ್ದ. ತಾನೋ ಇವನ ಕುತ್ತಿಗೆಗೆ ಕಲ್ಲು ಕಟ್ಟಿದ್ದ. ಆಂಬ್ರೋಸ್ ಎದ್ದು ನಿಂತ.

"ಜೇಬಸ್, ನಾನು ಸುಳ್ಳು ಹೇಳ್ದೆ. ಅದು ಒಂದು ದಿನಾನೂ ಕುದೀಲಿಲ್ಲ. ನನಗೆ ಮೊದಲಿಂದ ಗೊತ್ತಿತ್ತು. ಹೇಳ್ಕೊಳ್ಳೋಕೆ ನಾಚಿಕೆಯಾಗಿ ನಿನ್ನ ಮೇಲೆ ಹಾಕ್ದೆ."

"ಕೇಳಿಸ್ಲಿಲ್ಲ!" ಎಂದ ಮೂಲೆಯಲ್ಲಿ ಕೂತ ಕಿವುಡ ಮುದುಕ ಎನಾಕ್.

ಆಂಬ್ರೋಸ್ ಇನ್ನೊಮ್ಮೆ ಹೇಳಿದ, ಗಟ್ಟಿಯಾಗಿ.

"ಇನ್ನೂ ಸರಿಯಾಗಿ ಕೇಳಿಸ್ಲಿಲ್ಲ," ಎಂದ ಎನಾಕ್, ಅಕ್ಕಪಕ್ಕದವರಿಗೆ ಕಣ್ಣು ಹೊಡೆದು.

ಮೂರನೆಯ ಸಲ ಹೇಳುವಷ್ಟರಲ್ಲಿ ಆಂಬ್ರೋಸನ ಕಣ್ಣು ತುಂಬಿತ್ತು. ಯಾರೂ ನಗಲಿಲ್ಲ.

ಜೇಬಸ್ ಟೋಪಿ ತಲೆಗಿಟ್ಟುಕೊಂಡ. "ಥರ್ಜಾ, ನಾಳೆ ಬರೋದು ಬೇಡ ಅಂತ ಗಾಡಿಯವನಿಗೆ ಹೇಳಿಬಿಡಮ್ಮ," ಎಂದು ಕೋಟು ಹಾಕಿಕೊಂಡ. "ಒಂದು ಹೂಜಿ ಸಾಲಲ್ಲ ಕಣೋ ಅದಕ್ಕೆ. ರಸವನ್ನೆಲ್ಲ ಹೊರಗೆ ತೆಗೆದು, ಮೇಲಿಂದ ಹುಯ್ದು ಹುಯ್ದು ಗಂಧಕ ಹಾರಿಸ್ಬೇಕು. ಆಮೇಲೆ ನನ್ನದರಿಂದ ಮತ್ತಷ್ಟು ಸೇರಿಸೋಣ. ನಿನ್ನ ಹತ್ರ ಒಳ್ಳೆ ಬಕೆಟ್ ಇದೆಯಾ?"

ಇಂಗ್ಲೆಂಡಿನ ರಾಜನ ಬಳಿಯೂ ಇಲ್ಲದಂಥ ಬಕೆಟ್ಟಿನ ಮಾತು ಆಂಬ್ರೋಸನ ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿಕೊಂಡ.

"ಒಂದಿದೆ," ಎಂದ. "ತೂತು ಬಿದ್ದಿದೆ."