ನೆಮ್ಮದಿ ಶಿಬಿರ

"ಮುಟ್ಟಬೇಡ ಅಂದೆನಲ್ಲ! ಅವಳೇ ಬಿಚ್ಚಲಿ."

ಮಾವ ಕಣ್ಣಿನ ಪಟ್ಟಿಗೆ ಅಂಗೈ ಅಡ್ಡ ಹಿಡಿದು ಕೂತಿದ್ದರು. ಒಂದು ಕಣ್ಣು ಎಂದೋ ಹೋಗಿತ್ತು. ಇನ್ನೊಂದನ್ನೂ ಮುಚ್ಚಿದ್ದ ಪೊರೆಯನ್ನು ನಿನ್ನೆ ತಾನೆ ತೆಗೆದಿದ್ದರು. ಇವತ್ತು ಕತ್ತಲಾಗುವುದರೊಳಗೆ ಮನೆಯಲ್ಲೇ ಪಟ್ಟಿ ಬಿಚ್ಚಿ ಔಷಧಿ ಹನಿ ಹಾಕಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮದುವೆಯಾಗಿ ಬಂದ ಸೊಸೆಯ ಮುಖವನ್ನು ಮುದುಕರು ಈವರೆಗೆ ಕಂಡಿರಲಿಲ್ಲ. ಮೊದಲು ನೋಡಿದರೆ ಅದನ್ನೇ ನೋಡುತ್ತೇನೆಂದು ಹಟ. ರಜಾ ದಿನ, ಇದ್ದೇ ಇರ್ತೀನಿ ಎಂದು ಸೊಸೆಯೂ ಮಾತು ಕೊಟ್ಟಿದ್ದಳು.

ಈಗ ನೋಡಿದರೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು!

"ರಜಾ ದಿನವೂ ಫ್ಯಾಕ್ಟರಿಯಾ? ಏನಂಥ ಘನಕಾರ್ಯ?" ಅತ್ತೆ ಸಿಡಿದರು.

"ನೆಮ್ಮದಿ ಶಿಬಿರ ಅತ್ತೆ, ಈಗ ತಾನೆ ಫೋನ್ ಬಂತು... ಕೆಲಸ, ಸಂಸಾರ ಎರಡನ್ನೂ ಹೇಗೆ ಸರಿತೂಗಿಸೋದು ಅಂತ ಹೇಳಿಕೊಡ್ತಾರಂತೆ. ಹೋಗದಿದ್ರೆ ಗೈರುಹಾಜರಿ ಹಾಕ್ತಾರೆ."

"ಆಹಾ! ಮನೆ ಬಿಟ್ಟು ಹೋಗಿ ಮನೆ ನೋಡ್ಕೊಳ್ಳೋದು ಕಲಿಯೋದು! ಗಂಡ ಲಾರಿ ಹತ್ತಿ ಊರೂರು ಸುತ್ತಲಿ, ಹೆಂಡತಿ ನೆಮ್ಮದಿ ಹುಡುಕ್ಕೊಂಡು ಹೋಗಲಿ. ನಾವಿಬ್ರೂ ಗೋಡೆ ನೋಡ್ತಾ ಕೂರೋಣ!"

"ನನಗೆ ಗೋಡೇನೂ ಕಾಣಲ್ಲ ಕಣೆ," ಎಂದರು ಮಾವ. ಯಾರೂ ನಗಲಿಲ್ಲ. "ಹೋಗಿ ಬಾ ಮಗಳೇ. ಕಾಯ್ತೀನಿ."

ಅವಳು ದುಡಿಯುತ್ತಿದ್ದುದು ಬೀಗದ ಕಾರ್ಖಾನೆಯಲ್ಲಿ. ತಯಾರಾಗಿ ಬಂದ ಪ್ರತಿ ಬೀಗಕ್ಕೂ ಕೀಲಿ ಹಾಕಿ ತಿರುಗಿಸಿ ನೋಡುವುದೇ ಅವಳ ಕೆಲಸ. ತಿರುಗಿಸಿ ತಿರುಗಿಸಿ ಬಲಗೈಯ ಮಣಿಕಟ್ಟು ಊದಿಕೊಂಡಿತ್ತು. ನಿದ್ದೆಯಲ್ಲೂ ಆ ಕೈ ತಿರುಗುತ್ತಿತ್ತು...

ಕ್ಯಾಂಟೀನಿಗೆ ಬಲೂನು ಕಟ್ಟಿದ್ದರು. ಕೆಲಸಗಾರರ ಕ್ಷೇಮ ನೋಡಿಕೊಳ್ಳುವ ಅಧಿಕಾರಿ, ಸಕ್ಕರೆ ಮಾತಿಗಾಗಿ ಎಲ್ಲರ ಬಾಯಲ್ಲಿ 'ಜೇನುಬಾಯಿ' ಆದವ, ಮೈಕು ಹಿಡಿದು ಕೂಗುತ್ತಿದ್ದ. "ಉಸಿರು ಎಳ್ಕೊಳ್ಳಿ! ಈಗ ಜೋರಾಗಿ ನಗಿ!" ಎಲ್ಲರೂ ಹಲ್ಲು ಬಿಟ್ಟರು. ಅವಳೂ ಬಿಟ್ಟಳು.

ಊಟದ ಹೊತ್ತಿಗೆ ಅವನ ಬಳಿ ಹೋಗಿ ಬೇಡಿಕೊಂಡಳು. "ಮಾವನವರ ಕಣ್ಣಿನ ಪಟ್ಟಿ ಬಿಚ್ಚಬೇಕು ಸಾರ್. ಕಾಯ್ತಾ ಕೂತಿದಾರೆ..."

"ಅಯ್ಯೋ, ನಿಮ್ಮನ್ನೇ ಬಿಟ್ರೆ ಹೇಗಮ್ಮಾ? ಕೊನೇಲಿ ಸನ್ಮಾನ ಇರೋದೇ ನಿಮಗೆ!"

ಬಿಸಿಲು ಇಳಿಯುವ ಹೊತ್ತಿಗೆ ಅವಳನ್ನು ವೇದಿಕೆ ಹತ್ತಿಸಿದರು. "ಈ ವರ್ಷ ಒಂದೇ ಒಂದು ರಜೆ ಹಾಕದೆ ಮನೆಯನ್ನೂ ತೂಗಿಸಿದ ಮಹಾತಾಯಿ!" 'ಮನೆಯೇ ಮೊದಲು' ಎಂದು ಬರೆದ ಲೋಟವೊಂದು ಕೈಗೆ ಬಂತು, ಹಿಂದೆಯೇ ಮೈಕು.

"ನಾನೇನೂ ತೂಗಿಸಿಲ್ಲ ಸಾರ್," ಎಂದಳು. "ನಿನ್ನೆ ಮಾವನ್ನ ಆಪರೇಷನ್ನಿಗೆ ಕರ್ಕೊಂಡು ಹೋಗಿದ್ದು ನಮ್ಮತ್ತೆ, ಆ ಮಂಡಿನೋವಿನಲ್ಲಿ! ನಾನಿಲ್ಲಿ ಕೀಲಿ ತಿರುಗಿಸ್ತಿದ್ದೆ. ಸನ್ಮಾನ ಅವರಿಗೆ ಮಾಡಿ. ನನಗೆ... ನನಗೆ ಇವತ್ತಿನ ದಿನ ವಾಪಸ್ ಕೊಡಿ!"

"ಎಂಥ ವಿನಯ ನೋಡಿ!" ಎಂದು ಜೇನುಬಾಯಿ ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಕಲ್ಲಿಗೆ ತಲೆ ಚಚ್ಚಿಕೊಂಡಿದ್ದರೂ ಲೇಸಿತ್ತು! ಅವಳು ಫೋಟೋಗೂ ನಿಲ್ಲದೆ ಓಡಿದಳು.

ಮನೆಯಲ್ಲಿ ಮಾವ ಬೆಳಿಗ್ಗೆ ಕೂತ ಕುರ್ಚಿಯಲ್ಲೇ ಕೂತಿದ್ದರು. "ಇನ್ನೇನು ಕತ್ತಲಾಗುತ್ತೆ, ನಾನೇ ಬಿಚ್ಚಿಬಿಡ್ತಿದ್ದೆ," ಅತ್ತೆ ಗೊಣಗಿದರು. ಸೊಸೆ ಕೈತೊಳೆದು ಬಂದು, ಪಟ್ಟಿ ಬಿಡಿಸಿ ಹನಿ ಹಾಕಿದಳು.

ಮುದುಕರು ರೆಪ್ಪೆ ಬಡಿದರು... ಬಡಿದರು... ದಿಟ್ಟಿಸಿದರು.

"ಇಷ್ಟೇ ಇದೀಯೇನೇ? ದನಿ ಕೇಳಿ ಗುಂಡುಗುಂಡಗೆ ಇದೀಯ ಅಂದ್ಕೊಂಡಿದ್ದೆ!" ಆಮೇಲೆ ದನಿ ಇಳಿಯಿತು. "ಕಣ್ಣು ಗುಳಿಬಿದ್ದಿದೆ... ಕೈಗೇನಾಗಿದೆ?" ಹೆಂಡತಿಯತ್ತ ತಿರುಗಿದರು. "ನಮ್ಮಿಬ್ಬರಲ್ಲಿ ಕಣ್ಣಿದ್ದೋಳು ನೀನು. ನಿನಗೆ ಕಾಣಲಿಲ್ವಾ?"

ಅತ್ತೆ ಎದ್ದರು. ಒಳಗೆ ಹೋಗಿ ಬಿಸಿನೀರು, ಬಟ್ಟೆ ತಂದು ಸೊಸೆಯ ಮಣಿಕಟ್ಟಿಗೆ ಶಾಖ ಕೊಡತೊಡಗಿದರು.

"ಹೇಳೋದಲ್ವಾ?"

"ಹೇಳೋಕೆ ಮನೇಲಿ ಯಾವಾಗಿದ್ದೆ ಅತ್ತೆ?"

"ನಾಳೆ ರಜಾ ಹಾಕು."

"ಆ ಜೇನುಬಾಯಿ ಸಾರ್ ಕೊಡಲ್ಲ ಅತ್ತೆ."

"ಹೇಗೆ ಕೊಡಲ್ಲ ನೋಡ್ತೀನಿ! ಕುಂಟ್ಕೊಂಡಾದ್ರೂ ನಾನೇ ಬರ್ತೀನಿ. ನೆಮ್ಮದಿ ಅಂದ್ರೆ ಏನೂಂತ ಆ ಜೇನುಬಾಯಿಗೆ ನಾನು ಶಿಬಿರ ಮಾಡ್ತೀನಿ!"

ಬೆಳಗಿನಿಂದ ಅಪ್ಪಣೆಯ ಮೇಲೆ ನಕ್ಕವಳಿಗೆ ಈಗ ತಾನಾಗಿ ನಗು ಬಂತು. ನಗುತ್ತಾ ನಗುತ್ತಾ ಅತ್ತೆಯ ಮಡಿಲಿಗೆ ಕುಸಿದಳು. ಬಿಕ್ಕಿ ಬಿಕ್ಕಿ ಅತ್ತಳು... ಅತ್ತು ದಣಿದು ಅಲ್ಲೇ ಕಣ್ಣುಮುಚ್ಚಿದಳು. ನಿದ್ದೆಯಲ್ಲಿ ಕೈ ತಿರುಗತೊಡಗಿತು. ಅತ್ತೆ ಅದನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದರು.