ಎಂಟನೇ ಡಮ್ಮಿ ಗುಂಡು

‘ಟಕ್’ ಎನ್ನಬೇಕಿದ್ದ ಪಿಸ್ತೂಲು ‘ಢಂ’ ಎಂದಿತು.

ಭಾನುವಾರ ಬೆಳಗ್ಗೆ ಹತ್ತೂವರೆ. ಸ್ಟರ್ಲಿಂಗ್ ಹೈಟ್ಸ್ ಪಟ್ಟಣದ ಶೂಟಿಂಗ್ ರೇಂಜೊಂದರ ಹಿಂಬದಿಯ ಕೋಣೆ. ಅಲ್ಲಿ ನಡೆಯುತ್ತಿದ್ದದ್ದು ಒಣ ಅಭ್ಯಾಸ. ಪಿಸ್ತೂಲಿನಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಡಮ್ಮಿ ಗುಂಡು, ಎದುರಿಗೆ ಮರಳು ತುಂಬಿದ ಡ್ರಮ್ಮು. ಕೈ ನಡುಗದಂತೆ ಟ್ರಿಗರ್ ಒತ್ತುವುದನ್ನು ಕಲಿಯಬೇಕು, ಅಷ್ಟೇ. ಸಿಡಿಯುವಂಥದ್ದು ಆ ಕೋಣೆಯಲ್ಲಿ ಏನೂ ಇರಬಾರದು.

ಆದರೆ ವಿದ್ಯಾರ್ಥಿನಿ ಇಂದುವಿನ ಕೈಯಲ್ಲಿದ್ದ ಪಿಸ್ತೂಲು ಸಿಡಿದಿತ್ತು. ಡ್ರಮ್ಮಿನ ಮಧ್ಯದಲ್ಲಿ ತೂತು. ಮರಳು ಸಣ್ಣಗೆ ಸುರಿಯುತ್ತಿತ್ತು.

“ಪಿಸ್ತೂಲ್ ಕೆಳಗಿಡಿ! ಎಲ್ಲರೂ ಗೋಡೆ ಕಡೆ!” ವತ್ಸಲಾ ಕೂಗಿದಳು. ತನ್ನ ದನಿಯೇ ಅವಳಿಗೆ ಎಲ್ಲೋ ದೂರದಿಂದ ಕೇಳಿಸಿತು. ಕಿವಿಯಲ್ಲಿ ಗುಂಯ್ ಎಂಬ ಸದ್ದು.

ವತ್ಸಲಾ ಈ ತರಗತಿಯ ತರಬೇತುದಾರಳು. ವಾರವಿಡೀ ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗಗಳ ದೋಷ ಹುಡುಕುವ ಕ್ವಾಲಿಟಿ ಎಂಜಿನಿಯರ್ ಕೆಲಸ. ಭಾನುವಾರ ಈ ಪಾಠ. ಆರು ವರ್ಷಗಳಲ್ಲಿ ಒಬ್ಬರಿಗೂ ಒಂದು ಗೀರು ಆಗಿರಲಿಲ್ಲ.

ಇಂದು ಪಿಸ್ತೂಲನ್ನು ಮೆಲ್ಲಗೆ ಕೆಳಗಿಟ್ಟು ಅಲುಗಾಡದೆ ನಿಂತಳು.

“ಏನಾತು? ಏನಾತ್ರೀ?” ಎಂದು ಸುಹಾಸಿನಿ ಕಿರುಚುತ್ತಿದ್ದರು. “ಆಂ? ಜೋರಾಗಿ ಹೇಳ!” ಎಂದು ಅವರ ಗಂಡ, ಎಪ್ಪತ್ತರ ದ್ವಾರಕಾನಾಥರು, ಕಿವಿಗೆ ಕೈಯಿಟ್ಟು ಅರಚುತ್ತಿದ್ದರು. ನಾಲ್ಕನೆಯ ವಿದ್ಯಾರ್ಥಿ ಕಿಶೋರ್ ಮಾತ್ರ ಹತ್ತಿರ ಬಂದು ಹಿಂದಿನ ಕುರ್ಚಿಯತ್ತ ಬೆರಳು ತೋರಿಸಿದ.

“ಮೇಡಂ, ಬ್ಯಾಗಲ್ಲಿ ನಿಮ್ಮ ಫೋನ್ ಬರ್ತಿದೆ.”

ಅವನ ಮಾತು ಅವಳಿಗೆ ನೀರಿನೊಳಗಿಂದ ಬಂದಂತಿತ್ತು. ಫೋನಿನ ಗೊಡವೆಗೆ ಹೋಗುವ ಹೊತ್ತೇ ಅದು? ಅವಳು ಇಂದುವಿನ ಹೆಗಲು ಹಿಡಿದುಕೊಂಡಳು.

“ಪೊಲೀಸ್ ರಿಪೋರ್ಟ್ ಮಾಡಿಸ್ಲೇಬೇಕು,” ಎಂದ ಕಿಶೋರ್. “ಗುರುವಾರ ಇವರಿಗೆ ಕೋರ್ಟ್ ಬೇರೆ ಇದೆ, ಪಾಪ. ಆದ್ರೂ ರೂಲ್ಸ್ ಅಂದ್ರೆ ರೂಲ್ಸ್.”

* * *

ಪೊಲೀಸ್ ಅಧಿಕಾರಿ ಮಿಲ್ಲರ್ ಪಿಸ್ತೂಲುಗಳಿಂದ ತೆಗೆದ ಡಮ್ಮಿಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿದ. ಇರಬೇಕಾದದ್ದು ಎಂಟು ಡಮ್ಮಿ ಗುಂಡು, ಒಬ್ಬೊಬ್ಬರಿಗೆ ಎರಡು. ಸಿಕ್ಕಿದ್ದು ಏಳು. ಎಂಟನೆಯದರ ಜಾಗದಲ್ಲಿ ಒಂದು ಹಿತ್ತಾಳೆಯ ಖಾಲಿ ತೋಟೆ, ಅದರ ಮೇಲೆ ಕೆಂಪು ನೇಲ್ ಪಾಲಿಶ್.

“ಕೈತಪ್ಪಿ ಬಂದದ್ದಲ್ಲ,” ಎಂದಳು ವತ್ಸಲಾ. “ನಿಜವಾದ ಗುಂಡಿಗೆ ಯಾರೋ ಬೇಕೆಂದೇ ಬಣ್ಣ ಬಳಿದಿದ್ದಾರೆ.”

ಮಿಲ್ಲರ್ ಎಲ್ಲರ ಚೀಲ ನೋಡಿದ. ದ್ವಾರಕಾನಾಥರ ಚೀಲದಲ್ಲಿ ಐವತ್ತು ಗುಂಡುಗಳ ಹೊಸ ಪೆಟ್ಟಿಗೆ. ಒಳಗೆ ನಲವತ್ತೊಂಬತ್ತೇ ಇದ್ದವು. ಖಾಲಿ ತೋಟೆಯೂ ಅದೇ ಬಗೆಯದು.

“ನಾನು ಒಂದೂ ತಗದಿಲ್ಲರೀ!” ಎಂದರು ಮುದುಕರು. “ಹೋದ ವಾರ ತಂದದ್ದು ಮರೆತು ಚೀಲದಾಗs ಬಿಟ್ಟಿದ್ದೆ. ಅಷ್ಟs.”

ಆದರೆ ಹೋದ ತಿಂಗಳಷ್ಟೇ ಅವರು “ಈ ಬಂದೂಕಿನ ಕ್ಲಾಸು ಬಂದ್ ಮಾಡಬೇಕು” ಎಂದು ಎಲ್ಲರೆದುರು ಜಗಳವಾಡಿದ್ದರು. ಹೆಂಡತಿಯ ಹಟಕ್ಕೆ ಮಣಿದು ಬರುತ್ತಿದ್ದವರು. ಮಿಲ್ಲರ್ ಅದನ್ನು ಬರೆದುಕೊಂಡ. ವತ್ಸಲಾಳ ಮನಸ್ಸೂ ಒಂದು ಗಳಿಗೆ ಅತ್ತಲೇ ವಾಲಿತು.

ಹೊರಡುವಾಗ ಇಂದು ಕಾರಿನ ಬಾಗಿಲ ಬಳಿ ನಿಂತುಬಿಟ್ಟಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಗಂಡ ಸುರೇಶ್ ಬಾಗಿಲು ಒಡೆದು ಒಳನುಗ್ಗಿದ ಮೇಲೆ ಅವನಿಂದ ಬೇರೆಯಾಗಿ, ಎಂಟು ವರ್ಷದ ಮಗಳು ತಾನ್ಯಾಳೊಂದಿಗೆ ಇದ್ದಳು.

“ಅಕ್ಕ, ಮಗು ಕೈಗೆ ಸಿಗೋ ಹಾಗೆ ಗನ್ ಇಡ್ತಾಳೆ, ಕೇರ್‌ಲೆಸ್ ತಾಯಿ ಅಂತ ಸುರೇಶ್ ಆಗ್ಲೇ ಕೋರ್ಟಿಗೆ ಬರ್ಕೊಟ್ಟಿದ್ದಾರೆ. ಈಗ ಈ ರಿಪೋರ್ಟ್. ತಾನ್ಯಾನ ಕಳ್ಕೊಂಡುಬಿಡ್ತೀನಿ.”

ವತ್ಸಲಾ ಅವಳನ್ನು ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದಳು. ಹಂಚುವ ಮುಂಚೆ ಪ್ರತಿ ಡಮ್ಮಿಯನ್ನೂ ತಾನೇ ಮುಟ್ಟಿ ನೋಡಬೇಕಿತ್ತು. ಡಬ್ಬಿಯಲ್ಲಿ ಎಂಟು ಕೆಂಪು ಕಂಡಿದ್ದೇ ಸಾಕೆಂದು ಬಿಟ್ಟಿದ್ದಳು. ಆ ತಪ್ಪು ತನ್ನದೇ.

* * *

ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ ಜಯಸಿಂಹ ಕೇಳಿದ: “ಹತ್ತೂವರೆಗೆ ಫೋನ್ ಮಾಡಿದ್ನಲ್ಲ, ಯಾಕೆ ಎತ್ಲಿಲ್ಲ?”

“ಅದು ವೈಬ್ರೇಟ್‌ನಲ್ಲಿತ್ತು ರೀ. ಗುಂಡು ಸಿಡಿದ ಗಳಿಗೆ ಅದು. ಯಾರ ಕಿವೀನೂ ಕೇಳಿಸ್ತಾ ಇರ್ಲಿಲ್ಲ...”

ಅನ್ನ ಕಲಸುತ್ತಿದ್ದ ಕೈ ನಿಂತಿತು. ಯಾರ ಕಿವಿಯೂ ಅಂದರೆ?

ಅವಳು ಕೈ ತೊಳೆದು ಇಂದುವಿಗೆ ಫೋನ್ ಮಾಡಿದಳು. “ಗುರುವಾರದ ಕೋರ್ಟ್ ವಿಷಯ ಕ್ಲಾಸಲ್ಲಿ ಯಾರಿಗೆಲ್ಲ ಹೇಳಿದ್ಯಾ?”

“ನಿಮಗೊಬ್ಬರಿಗೇ ಅಕ್ಕ.”

* * *

ಸೋಮವಾರ ಸಂಜೆ ಮಿಲ್ಲರ್ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದ. ಮೇಜಿನ ಮೇಲೆ ಲ್ಯಾಪ್‌ಟಾಪ್. ರೇಂಜಿನ ಕ್ಯಾಮೆರಾದ ವಿಡಿಯೋ, ಸದ್ದಿಲ್ಲದ್ದು.

“ನಿನ್ನೆ ನಾನು ಎಲ್ಲರ ಕೈ ಪಿಸ್ತೂಲಿನ ಹತ್ತಿರ ಏನು ಮಾಡಿತು ಅಂತ ನೋಡಿದೆ,” ಎಂದ ಮಿಲ್ಲರ್. “ಬೇರೆ ಕಡೆ ನೋಡಿ ಅಂದದ್ದು ವತ್ಸಲಾ.”

ಪರದೆಯಲ್ಲಿ ಇಂದು ಪಿಸ್ತೂಲು ಎತ್ತುತ್ತಿದ್ದಳು. ಅವಳ ಹಿಂದೆ ಕಿಶೋರ್ ಗೋಡೆಯತ್ತ ತಿರುಗಿದ. ಎಡಗಿವಿಗೆ ಬೆರಳು ಒತ್ತಿದ. ಬಲಗಿವಿಗೂ ಒತ್ತಿದ. ಆಮೇಲೆ ಪಿಸ್ತೂಲು ಸಿಡಿಯಿತು. ಎಲ್ಲರೂ ಹೌಹಾರಿದರು. ಅವನು ಕಿವಿಯಿಂದ ಏನನ್ನೋ ಕಿತ್ತು ಜೇಬಿಗೆ ಹಾಕಿಕೊಂಡ.

ಮಿಲ್ಲರ್ ವಿಡಿಯೋ ನಿಲ್ಲಿಸಿದ.

“ಒಣ ಅಭ್ಯಾಸದಲ್ಲಿ ಸದ್ದೇ ಇರಲ್ಲ ಕಿಶೋರ್,” ಎಂದಳು ವತ್ಸಲಾ. “ಇಯರ್‌ಪ್ಲಗ್ ಯಾಕೆ ಬೇಕಾಯ್ತು? ನಮ್ಮೆಲ್ಲರ ಕಿವಿ ಮುಚ್ಚಿಹೋಗಿತ್ತು. ಬ್ಯಾಗಿನೊಳಗೆ ಗುರ್ ಅಂತಿದ್ದ ಫೋನ್ ನಿಮಗೊಬ್ಬರಿಗೆ ಕೇಳಿಸ್ತು. ಡಮ್ಮಿ ಹಂಚಿದ್ದೂ ನೀವೇ. ‘ನಾನೇ ಕೊಡ್ತೀನಿ ಮೇಡಂ’ ಅಂದ್ರಿ. ಅಂಕಲ್ ಪಕ್ಕ ಕೂತಿದ್ದವರೂ ನೀವೇ, ಹೋದ ವಾರಾನೇ ಅವರ ಚೀಲದಿಂದ ಗುಂಡು ಕದ್ಕೊಂಡು ಹೋಗಿ ಬಣ್ಣ ಬಳಿದ್ರಿ. ಮತ್ತೆ, ಗುರುವಾರದ ಕೋರ್ಟ್ ನಿಮಗೆ ಹೇಗೆ ಗೊತ್ತು?”

ಕಿಶೋರ್ ಬಾಗಿಲತ್ತ ನೋಡಿದ.

“ಅವನೂ ಸುರೇಶನೂ ಒಂದೇ ಪ್ಲಾಂಟಿನಲ್ಲಿ ಒಂದೇ ಶಿಫ್ಟು,” ಎಂದ ಮಿಲ್ಲರ್. “ಮೂರು ವಾರದ ಹಿಂದೆ ಈ ತರಗತಿಗೆ ಸೇರಿದ್ದೂ ಅದಕ್ಕೇ. ಅವನ ಕಾರು ತೆರೆದು ನೋಡಿದೆವು. ಕಾಣೆಯಾದ ಡಮ್ಮಿ ಅದರ ಬಾಗಿಲ ಗೂಡಿನಲ್ಲಿತ್ತು.”

“ಬರೀ ಹೆದರಿಸೋಕೆ... ಎದುರಿಗೆ ಮರಳಿತ್ತಲ್ಲ,” ಎಂದು ಕಿಶೋರ್ ತೊದಲಿದ. “ಒಂದು ರಿಪೋರ್ಟ್ ಸಾಕು ಅಂದಿದ್ದ ಸುರೇಶ.”

“ಪಿಸ್ತೂಲನ್ನ ಮರಳಿನ ಕಡೆಗೇ ಹಿಡಿದವಳು ಇಂದು,” ಎಂದಳು ವತ್ಸಲಾ. “ಖಾಲಿ ಅಂತ ಗೊತ್ತಿದ್ರೂ ಯಾರ ಕಡೆಗೂ ತಿರುಗಿಸಬಾರದು ಅಂತ ಕಲಿತಿದ್ಲು. ನಾವೆಲ್ಲ ಇವತ್ತು ಬದುಕಿರೋದು ಅದರಿಂದ.”

ಮಿಲ್ಲರ್ ಕಿಶೋರ್‌ಗೆ ಬೇಡಿ ಹಾಕಿ ಕರೆದೊಯ್ದ. ವತ್ಸಲಾ ದ್ವಾರಕಾನಾಥರ ಎದುರು ಬಂದು ನಿಂತಳು.

“ಅಂಕಲ್, ನಾನೂ ಒಂದು ಗಳಿಗೆ ನಿಮ್ಮನ್ನ ಅನುಮಾನಿಸಿದೆ. ಕ್ಷಮಿಸಿ.”

“ನಾನರ ಗುಂಡು ಚೀಲದಾಗ ಬಿಡಬಾರದಿತ್ತವಾ,” ಎಂದರು ಮುದುಕರು. “ಕ್ಲಾಸ್ ಬಂದ್ ಮಾಡಬ್ಯಾಡ. ಇನ್ನೊಮ್ಮೆ ಮೊದಲಿಂದ ಕಲಿಸು.”

* * *

ಗುರುವಾರ ಮಧ್ಯಾಹ್ನ ನ್ಯಾಯಾಲಯದ ಮೊಗಸಾಲೆಯಲ್ಲಿ ವತ್ಸಲಾ ಸಾಕ್ಷಿ ಹೇಳಿ ಕಾಯುತ್ತಿದ್ದಳು. ತನ್ನ ತಪ್ಪನ್ನೂ ಮುಚ್ಚಿಡದೆ ಹೇಳಿದ್ದಳು. ಇಂದು ಹೇಗೆ ಪಿಸ್ತೂಲು ಹಿಡಿದಿದ್ದಳು, ಸಿಡಿದ ಮೇಲೂ ಹೇಗೆ ಅದನ್ನು ಮೆಲ್ಲಗೆ ಕೆಳಗಿಟ್ಟಳು, ಮನೆಯಲ್ಲಿ ಎಷ್ಟು ಭದ್ರವಾಗಿ ಬೀಗ ಹಾಕಿಡುತ್ತಾಳೆ, ಎಲ್ಲವನ್ನೂ.

ಬಾಗಿಲು ತೆರೆಯಿತು. ಇಂದು ಹೊರಬಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟವಿತ್ತು.

“ತಾನ್ಯಾ ನನ್ ಜೊತೆನೇ ಇರ್ತಾಳೆ ಅಕ್ಕ.”

ಬೆಂಚಿನ ಮೇಲೆ ಅಜ್ಜಿಯೊಡನೆ ಕೂತಿದ್ದ ತಾನ್ಯಾ ಓಡಿ ಬಂದಳು. “ಮಮ್ಮಿ, ಆರ್ ವಿ ಗೋಯಿಂಗ್ ಹೋಮ್?”

“ಹೂಂ ಕಂದ,” ಎಂದಳು ಇಂದು. “ಮನೆಗೇ.”