ಅಜ್ಜಿ ಇಲ್ಲೆ ಬನ್ನಿ

"ಅಪ್ಪಯ್ಯ, ನಿಂತ್ಕ! ಆನು ಹೇಳದು ಒಂಚೂರು ಕೇಳು!"

"ಸುಮ್ಮಂಗಿರು ಕೂಸೆ. ಎಂಗೆ ಈಗ ಯಾವ ಮಾತೂ ಬ್ಯಾಡ."

ಸಾಗರದ ಪೇಟೆ ರಸ್ತೆಯಲ್ಲಿ ಅಪ್ಪಯ್ಯ ಮುಂದೆ, ವಾಗ್ದೇವಿ ಹಿಂದೆ. ಅಪ್ಪಯ್ಯನ ಒಂದು ಕೈಯಲ್ಲಿ ಈಗಷ್ಟೇ ಮನೆಗೆ ಬಂದ ತಂತಿ. ಇನ್ನೊಂದು ಕೈಯಲ್ಲಿ ನೆಂಟರ ವಿಳಾಸದ ಪಟ್ಟಿ. ಅಜ್ಜಿ ತೀರಿಕೊಂಡಳು ಎಂದು ಅವರಿಗೆಲ್ಲ ತಂತಿ ಕೊಡಲು ಅವನು ಪೋಸ್ಟಾಫೀಸಿಗೆ ಹೊರಟಿದ್ದ.

ತಂತಿ ಅಂದರೆ ಗೊತ್ತಲ್ಲ? ಗೊತ್ತಿಲ್ಲವೇ? ಸರಿಹೋಯಿತು! ಇದು ಸಾವಿರದ ಒಂಬೈನೂರ ಎಪ್ಪತ್ತಾರರ ಮಾತು. ಆಗ ಅವಸರದ ಸುದ್ದಿಯಿದ್ದರೆ ಪೋಸ್ಟಾಫೀಸಿನ ಕಿಟಕಿಯಲ್ಲಿ ಬರೆದು ಕೊಡಬೇಕಿತ್ತು. ಒಳಗೆ ಕೂತವರು ಅದನ್ನು ಕಟ್ಟ, ಕಡ, ಕಟ್ಟ ಎಂದು ಬಡಿದರೆ ಇನ್ನೊಂದು ಊರಿನ ಆಫೀಸಿನಲ್ಲಿ ಅದೇ ಕಟ್ಟ ಕಡ ಕೇಳುತ್ತಿತ್ತು. ಅಲ್ಲಿಯವರು ಬರೆದುಕೊಂಡು ಮನೆಗೆ ಮುಟ್ಟಿಸುತ್ತಿದ್ದರು. ಕನ್ನಡದ ಮಾತನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಅದರಲ್ಲಿ ಹ್ರಸ್ವ ಯಾವುದು ದೀರ್ಘ ಯಾವುದು ತಿಳಿಯದು. ಪದ ಹೆಚ್ಚಿದರೆ ಖರ್ಚೂ ಹೆಚ್ಚು. ಹಾಗಾಗಿ ಬಾಯ್ತುಂಬ ಮಾತಾಡುವವರೂ ತಂತಿ ಬರೆಯುವಾಗ ಮಹಾ ಜಿಪುಣರಾಗುತ್ತಿದ್ದರು.

ಅಜ್ಜಿ ನಿನ್ನೆ ಹೊಸನಗರದ ಮಗಳ ಮನೆಗೆಂದು ಬಸ್ಸು ಹತ್ತಿದ್ದಳು. ಇವತ್ತು ಬೆಳಿಗ್ಗೆ ಹೊಸನಗರದ ಮಾವ ಏದುಸಿರು ಬಿಡುತ್ತಾ ಬಂದು, "ಅತ್ತೆ ಎಂತಕ್ಕೆ ಬಂಜಿಲ್ಲೆ?" ಎಂದು ಕೇಳಿದ. ಅಜ್ಜಿ ಅಲ್ಲಿಗೆ ತಲುಪಿಯೇ ಇರಲಿಲ್ಲ! ಅದರ ಬೆನ್ನಿಗೇ ತೀರ್ಥಹಳ್ಳಿಯಿಂದ ತಂತಿ ಬಂತು. ಕಳಿಸಿದವರು ಅಪ್ಪಯ್ಯನ ಹಳೆಯ ಗೆಳೆಯ ಶೇಷಪ್ಪ ಗೌಡರು. "ಅಜ್ಜಿ ಇಲ್ಲೆ ಬನ್ನಿ."

ವಾಗ್ದೇವಿಯ ಮನೆಮಾತಿನಲ್ಲಿ 'ಇದ್ದು' ಎಂದರೆ ಇದೆ, ಇದ್ದಾಳೆ; 'ಇಲ್ಲೆ' ಎಂದರೆ ಇಲ್ಲ. ಅಕ್ಕಿ ಇಲ್ಲೆ, ಮಜ್ಜಿಗೆ ಇಲ್ಲೆ. ಅಜ್ಜಿ ಇಲ್ಲೆ! ಅಮ್ಮ ಕೂತಲ್ಲೇ ಗೊಳೋ ಎಂದು ಅತ್ತಳು. ಮಾವ ಕಂಬ ಹಿಡಿದು ನಿಂತ. ವಾಗ್ದೇವಿಯೂ ಅತ್ತಳು. ಅಳುತ್ತಾ ಅಳುತ್ತಾ ಅವಳಿಗೆ ತಟ್ಟನೆ ಶಾಲೆಯಲ್ಲಿ ಆದ ಫಜೀತಿ ನೆನಪಾಯಿತು.

ಹೋದ ವಾರ ಶಾಂತಮ್ಮ ಟೀಚರ್ ಹಾಜರಿ ಕರೆಯುವಾಗ, "ಮೂಕಾಂಬಿಕಾ ಎಲ್ಲಿ?" ಎಂದು ಕೇಳಿದ್ದರು. ವಾಗ್ದೇವಿ ಎದ್ದು ನಿಂತು, "ಇಲ್ಲೆ ಟೀಚರ್" ಎಂದಿದ್ದಳು.

"ಇಲ್ಲೇನಾ? ಎಲ್ಲೇ? ಬೆಂಚಿನ ಕೆಳಗಾ?"

ಇಡೀ ಕ್ಲಾಸು ಬಗ್ಗಿ ಬೆಂಚಿನ ಕೆಳಗೆ ನೋಡಿ ಬಿದ್ದು ಬಿದ್ದು ನಕ್ಕಿತ್ತು. ಅವತ್ತು ವಾಗ್ದೇವಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು.

ಈಗ ಅವಳು ಕಣ್ಣೊರೆಸಿಕೊಂಡು ಓಡುತ್ತಿದ್ದಳು. ಆ ಪಟ್ಟಿ ಕಿಟಕಿಯೊಳಗೆ ಹೋಯಿತೋ, ಮುಗಿಯಿತು. ಊರೂರಲ್ಲಿ ಅಜ್ಜಿಗಾಗಿ ಅಳು ಶುರುವಾಗುತ್ತದೆ.

ಪೋಸ್ಟಾಫೀಸು ಬಂದೇಬಿಟ್ಟಿತು. ಅಪ್ಪಯ್ಯ ಪಟ್ಟಿ ಚಾಚುವುದಕ್ಕೂ ವಾಗ್ದೇವಿ ಅವನ ಇನ್ನೊಂದು ಕೈಯಿಂದ ತಂತಿ ಕಿತ್ತುಕೊಳ್ಳುವುದಕ್ಕೂ ಸರಿಹೋಯಿತು. ಅವಳು ತುದಿಗಾಲಲ್ಲಿ ನಿಂತು ಅದನ್ನು ಕಿಟಕಿಯೊಳಗೆ ತೂರಿಸಿದಳು.

"ಮಾಸ್ತರ್ರೇ, ಇದರ ಅರ್ಥ ಏನು ಹೇಳಿ!"

ತಂತಿ ಮಾಸ್ತರ್ ನಿಂಗಪ್ಪ ಹಾವೇರಿ ಕಡೆಯವರು. ಕನ್ನಡಕ ಏರಿಸಿ ನೋಡಿದರು. "ಇದನ್ನ ಬರ್ಕೊಂಡಾಂವ ನಾನs ಅಲ್ಲೇನವ್ವ? ಅಜ್ಜಿ ಇಲ್ಲೇ ಅದಾರ, ಬರ್ರಿ ಅಂತ. ಖುಷಿ ಸುದ್ದಿ ಅಂತ ಲಗೂನ ಕಳಿಸೀನಿ. ಯಾಕ್ರೀ, ಅಳಾಕತ್ತೀರಿ?"

ಅಪ್ಪಯ್ಯ ಕಿಟಕಿಯೊಳಗೆ ಕೈ ಹಾಕಿ ತಂತಿ ತೆಗೆದು ಮತ್ತೆ ಓದಿದ.

"ಆನು ಅದನ್ನೇ ಹೇಳಕ್ಕೆ ಬಂದಿದ್ದು!" ವಾಗ್ದೇವಿ ಒಂದೇ ಉಸಿರಿಗೆ ಹೇಳಿದಳು. "ಇದು ಎಂಗಳ ಮನೆ 'ಇಲ್ಲೆ' ಅಲ್ಲ ಅಪ್ಪಯ್ಯ, ಶೇಷಪ್ಪ ಗೌಡ್ರ 'ಇಲ್ಲೇ'! 'ಇದ್ದಾರೆ' ಅಂತ ಒಂದು ಪದ ಉಳಿಸಕ್ಕೆ ಹೋಗಿ ಹಿಂಗಾಯ್ದು!"

ಅಪ್ಪಯ್ಯನ ಮುಖ ಅರಳಿತು, ಮತ್ತೆ ಬಾಡಿತು. "ಹೌದು ಹೇಳಿ ನಂಬಿ, ಆಮೇಲೆ ಅಲ್ಲ ಹೇಳಾದ್ರೆ? ಎರಡು ಸಲ ಅಳಕ್ಕೆ ಎನ್ನ ಹತ್ರ ಆಗ್ತಿಲ್ಲೆ ಕೂಸೆ."

"ಮತ್ತೊಂದು ತಂತಿ ಕೊಟ್ಟು ಕೇಳನ!"

ಅಪ್ಪಯ್ಯ ಫಾರಂ ತೆಗೆದುಕೊಂಡು 'ಅಜ್ಜಿ ಎಲ್ಲಿ' ಎಂದು ಬರೆದ. ವಾಗ್ದೇವಿ ಹಣೆ ಚಚ್ಚಿಕೊಂಡಳು.

"ಅಯ್ಯೋ ರಾಮ! ಅವ್ರು ಮತ್ತೆ 'ಇಲ್ಲೆ' ಹೇಳಿಯೇ ಬರದ್ರೆ?"

ನಿಂಗಪ್ಪ ಮಾಸ್ತರ್ ಹೊಟ್ಟೆ ಕುಣಿಸಿ ನಕ್ಕರು. ವಾಗ್ದೇವಿ ಪೆನ್ನು ಕಚ್ಚುತ್ತಾ ಯೋಚಿಸಿದಳು. ಆಮೇಲೆ ಬರೆದಳು: ಅಜ್ಜಿ ಏನು ಮಾಡುತ್ತಿದ್ದಾರೆ.

"ಶಾಣ್ಯಾಕಿ ಅದೀ!" ಎಂದರು ಮಾಸ್ತರ್. "ದೀಪಾವಳಿಗೆ ನಂಬರ್ ಐತಿ, ಮದಿವಿಗೆ ನಂಬರ್ ಐತಿ. ನಾ ಇಲ್ಲಿ ಬರೇ ನಂಬರ್ ಬಡಿದ್ರ ಸಾಕು, ಆ ಕಡೆ ಶುಭಾಶಯ ಪೂರ್ತಿ ಬರ್ಕೋತಾರ. ಅಜ್ಜಿ ಏನ್ ಮಾಡಾಕತ್ತಾಳ ಅನ್ನಾಕ ನಂಬರ್ ಇಲ್ಲವ್ವ. ಒಂದೊಂದs ಅಕ್ಷರ ಬಡೀಬೇಕು."

ಕಟ್ಟ, ಕಡ, ಕಟ್ಟ, ಕಟ್ಟ. ತಂತಿ ಹೋಯಿತು. ಶೇಷಪ್ಪ ಗೌಡರ ಅಂಗಡಿ ತೀರ್ಥಹಳ್ಳಿ ಪೋಸ್ಟಾಫೀಸಿನ ಎದುರಿಗೇ ಇತ್ತು, ಪುಣ್ಯ. ಆದರೂ ಕಾಯುವುದು ಕಾಯುವುದೇ. ಅಪ್ಪಯ್ಯ ಬೆಂಚಿನ ಮೇಲೆ ಕೂತ, ಎದ್ದ, ಮತ್ತೆ ಕೂತ. ವಾಗ್ದೇವಿ ಕಿಟಕಿಯ ಸರಳು ಬಿಡಲಿಲ್ಲ. ತಾನೇ ತಪ್ಪು ತಿಳಿದಿದ್ದರೆ? ದೇವರೇ, ಅಜ್ಜಿ ಏನಾದರೂ ಮಾಡುತ್ತಿರಲಿ. ಏನಾದರೂ ಸರಿ.

ಅರ್ಧ ಗಂಟೆಯ ಮೇಲೆ ಮೇಜಿನ ಯಂತ್ರ ಸದ್ದು ಮಾಡಿತು. ಮಾಸ್ತರ್ ಬರೆದುಕೊಳ್ಳತೊಡಗಿದರು. ಬರೆಯುತ್ತಾ ಬರೆಯುತ್ತಾ ಅವರ ಮೀಸೆ ಅಗಲವಾಯಿತು. ಆಮೇಲೆ ಎದ್ದು ನಿಂತು, ಇಡೀ ಪೋಸ್ಟಾಫೀಸಿಗೆ ಕೇಳುವಂತೆ ಓದಿದರು.

"ಅಜ್ಜಿ ಬಸ್ಸಿನಲ್ಲಿ ನಿದ್ದೆ ಮಾಡಿ ಇಲ್ಲಿಗೆ ಬಂದರು. ಈಗ ಕಷಾಯ ಸರಿಯಿಲ್ಲ ಎಂದು ಬೈಯುತ್ತಿದ್ದಾರೆ!"

"ಅಮ್ಮನೇಯ! ಎನ್ನ ಅಮ್ಮನೇಯ ಅದು!" ಅಪ್ಪಯ್ಯ ನಗುತ್ತಾ ಅತ್ತ. ಅಳುತ್ತಾ ನಕ್ಕ. ನೆಂಟರ ಪಟ್ಟಿಯನ್ನು ಪರಪರ ಹರಿದು ಎಸೆದು, ಮಗಳನ್ನು ಎತ್ತಿ ಒಂದು ಸುತ್ತು ತಿರುಗಿಸಿಯೇ ಬಿಟ್ಟ. ಅಂಚೆ ಚೀಟಿ ಕೊಳ್ಳಲು ಬಂದವರೆಲ್ಲ ಚಪ್ಪಾಳೆ ತಟ್ಟಿದರು.

"ಓಡು ಕೂಸೆ! ಅಮ್ಮಂಗೆ ಹೇಳು! ಆನು ಗೌಡ್ರಿಗೆ ಉತ್ತರ ಕೊಟ್ಟು ಬತ್ತಿ."

ವಾಗ್ದೇವಿ ಓಡಿದಳು. ಮನೆಯ ಮುಂದೆ ಆಗಲೇ ಜನ ಸೇರಿದ್ದರು. ಬೆಂಚಿನ ಕೆಳಗೆ ಬಗ್ಗಿ ನೋಡಿ ನಕ್ಕವರೂ ಅಲ್ಲಿದ್ದರು, ಮೂಕಾಂಬಿಕಾ ಕೂಡ. ಒಬ್ಬರೂ ನಗುತ್ತಿರಲಿಲ್ಲ.

"ನಿಮ್ಮ ಅಜ್ಜಿ ಹೋಗ್ಬಿಟ್ರಂತೆ ಹೌದೇನೆ?" ಮೂಕಾಂಬಿಕಾ ಮೆಲ್ಲಗೆ ಕೇಳಿದಳು.

"ಇಲ್ಲ ಕಣೇ, ಇದ್ದಾರೆ! ಚೆನ್ನಾಗಿದ್ದಾರೆ!"

ಒಳಗಿನಿಂದ ಅಮ್ಮನ ಅಳು ಕೇಳುತ್ತಿತ್ತು. ವಾಗ್ದೇವಿ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತಳು. ಅಮ್ಮನಿಗೆ ಹೇಳಬೇಕಾದ ಮಾತು ಬೇರೆ, ಅದು ಅಮ್ಮನ ಬಾಯಲ್ಲಿರುವ ಮಾತೇ ಆಗಿರಬೇಕು. ಬೀದಿಯ ತುಂಬ ಕ್ಲಾಸಿನವರು ಕೇಳುತ್ತಿದ್ದಾರೆ ಎಂದು ಅವಳಿಗೆ ಗೊತ್ತಿತ್ತು. ಕೇಳಿದರೆ ಕೇಳಲಿ.

"ಅಮಾ!" ಎಂದು ಅವಳು ಗಂಟಲು ಹರಿಯುವಂತೆ ಕೂಗಿದಳು. "ಅಜ್ಜಿ ಇದ್ದು!"

ಒಳಗೆ ಅಳು ನಿಂತಿತು.